ಮೂರನೇ ಡಬ್ಬಿ

ನೋಡಾಕಬೇಕಂಥಾ ನಗಿ ಸಿನೆಮಾ ಹತ್ತು ಹೇಳಜ್ಜಾ ಅಂತ
ಮೊಮ್ಮಗಳು ಶಮೀನಾ ಪೆನ್ನು ಹಿಡದು ಕುಂತಾಳ.
ಹತ್ತಲ್ಲವಾ, ನೂರು ಹೊತ್ತೇನಿ.
ಪೂರಾ ನೋಡಿದ್ದು ಒಂದೂ ಇಲ್ಲ.

ಗದಗಿನ ಟಾಕೀಜಿಗೂ ಬೆಟಗೇರಿ ಟಾಕೀಜಿಗೂ
ಪ್ರಿಂಟು ಒಂದ.
ಅಲ್ಲಿ ಆರಕ್ಕ ಶೋ, ಇಲ್ಲಿ ಆರೂವರಿಗೆ.
ನಡುವ ನಾನು, ನನ್ನ ಸೈಕಲ್ಲು,
ಕ್ಯಾರಿಯರಿಗೆ ಹಳೇ ಟ್ಯೂಬಿಲೆ ಬಿಗದ ಡಬ್ಬಿ,
ಮತ್ತ ರೇಲ್ವೆ ಗೇಟು.

ನಗೋ ರೀಲಿಗೂ ಅಳೋ ರೀಲಿಗೂ ತೂಕ ಒಂದ ನೋಡು.
ಎದುರುಗಾಳಿಗೆ ಪೆಡ್ಲು ತುಳಿಯೋ ಕಾಲಿಗೆ
ಯಾವುದೂ ಜೋಕಲ್ಲ.

ಕಪ್ಪು-ಬಿಳೇದರ ಕಾಲದಾಗ ಒಂದಿತ್ತು,
ಹೆಸರು ಮರತೇನಿ.
ಸಾಲ ಕೊಟ್ಟಾಂವ ಬಂದ ಅಂತ ಯಜಮಾನ
ಕಣಜದಾಗ ಇಳದು ಕುಂತಾನ.
ಗೊತ್ತಿಲ್ಲದ ಹೆಂಡ್ತಿ ಮ್ಯಾಲಿಂದ ಜ್ವಾಳ ಸುರೀತಾಳ.
ಕುತಗೀತನಾ ಜ್ವಾಳ ಬಂದದ್ದು ನೋಡೇನಿ.
ಮುಂದಿನ ಡಬ್ಬಿಗೆ ಓಡಿದೆ.
ಐವತ್ತು ವರ್ಷ ಆತು,
ಅಂವಾ ಇನ್ನೂ ಹೊರಗ ಬಂದಿಲ್ಲ.

ಬಣ್ಣ ಬಂದ ಹೊಸತರಾಗ ಇನ್ನೊಂದು.
ಹೊಸಾ ಅಳಿಯಾ ಬೀಗರ ಮನಿಯಾಗ ಕಿವುಡನಂಗ ನಟಿಸತಾನ,
ಎಲ್ಲಾರೂ ಅವನ ಮುಂದ ಅವನ್ನ ಬೈತಾರ,
ಅಂವಾ ಹೂಂ ಹೂಂ ಅಂತ ಹೋಳಿಗಿ ತಿಂತಾನ.
ಇದು ನೋಡಿದ್ದಲ್ಲ, ಕೇಳಿದ್ದು.
ಗ್ವಾಡಿ ಹೊರಗ ಗಾಲಿಗೆ ಗಾಳಿ ಹೊಡೀತಿದ್ದೆ,
ಒಳಗಿಂದ ನಗಿ ಬಂತು, ಪತ್ರಾ ಸೈತ ಅದುರಿತು.
ಅದ ನಗಿ ಬೆಟಗೇರಿಯಾಗ ಏಳಾಕ
ಅರ್ಧಾ ತಾಸು ಬೇಕು.
ಒಂದೂರು ನಕ್ಕು ಮುಗಿಸಿ ಶೇಂಗಾ ಸಿಪ್ಪಿ ಝಾಡಿಸೂದರಾಗ
ಇನ್ನೊಂದೂರಿಗೆ ಅಳಿಯನ ಮಾರಿನೂ ಕಂಡಿರೂದಿಲ್ಲ.
ನಡುದಾರ್ಯಾಗ ನಾನೊಬ್ಬನ
ಬಾಯಿ ಬಿಗಿಹಿಡದು ಬರ್ತಿದ್ದೆ.

ಪೆನ್ನು ಕಚ್ಚಬ್ಯಾಡ, ಅಸಲಿ ಮಾತು ಈಗ ಐತಿ.

ಅವತ್ತು ಚೈನು ಕಡೀತು.
ಮೂರು, ನಾಕು, ಐದು, ಮೂರೂ ಡಬ್ಬಿ
ಗದಗಿನ್ಯಾಗ ಕೂಡಿಬಿದ್ದು, ಒಮ್ಮಿಗೇ ಹೇರಿದೆ.
ಗೇಟು ಬಿತ್ತು. ಮಾಲಗಾಡಿ.
ಐವತ್ತೆರಡು ಡಬ್ಬಿ ಎಣಿಸಿದೆ,
ನನ್ನ ಮೂರರ ಮ್ಯಾಲಿನ ಚೀಟಿ
ಬೆವರಿಗೆ ಕಿತ್ತು ಬಿದ್ದದ್ದು ನೋಡಲಿಲ್ಲ.
ಬೆಟಗೇರಿಯಾಗ ಸೀಟಿ ಹೊಡ್ಯಾಕ ಹತ್ತಿದ್ದರು.
ಆಪರೇಟರ್ ಗವಿಸಿದ್ದಪ್ಪಗ ಕಣ್ಣು ಮಂಜು.
ಕೈಗೆ ಬಂದದ್ದು ಏರಿಸಿದ.

ಮದಿವಿ ಮೊದಲ ಆತು.
ಅಕ್ಕಿಕಾಳು ಬಿದ್ದು ಮುಗದ ಮ್ಯಾಲ ಹುಡುಗ ಕೇಳತಾನ,
"ನಿಮ್ಮ ಹೆಸರೇನ್ರಿ?"
ಸತ್ತು ಫೋಟೋಕ್ಕ ಹಾರ ಹಾಕಿಸಿಕೊಂಡ ಮಾವ
ತಿರುಗಿ ಬಂದು
ಚಾದಾಗ ಸಕ್ರಿ ಕಡಿಮಿ ಅಂತ ಜಗಳಾ ತಗದ.

ಗವಿಸಿದ್ದಪ್ಪ ಲೈಟು ಹಾಕಾಕ ಕೈ ಎತ್ತಿದ,
ಕೆಳಗಿನ ನಗಿ ಕೇಳಿ ಇಳಿಸಿದ.
ಹಗಲೆಲ್ಲಾ ಕುಣಿಯೊಳಗ ಕಾಲಿಟ್ಟು ನೇಯೋ ಮಂದಿ,
ಬೆಂಚು ಬಡದು ಬಡದು ಹಲಗಿ ಸೀಳಿದ್ರು.
ಮಾವ ಬಂದಾಗ ತುಳಸಾಬಾಯಿ ಕಬಾಡಿ
ಎದ್ದು ನಿಂತು ಚಪ್ಪಾಳಿ ಹೊಡದ್ಲು.
ಅವರ ಮನಿ ಹಿರ್ಯಾ ಹೋಗಿ ಆಗಷ್ಟ ವರ್ಷ ಆಗಿತ್ತು.

ಮರುದಿನ ನಾಕು ಮಂದಿ ನೆರಮನ್ಯಾರ್ನ ಕರಕೊಂಡು ಬಂದ್ಲು.
ನಾ ಚೀಟಿ ಹಚ್ಚಿದ್ದೆ, ಎಲ್ಲಾ ಸಾಲಾಗಿ ಬಂತು.
ಮಾವ ಸತ್ತ. ಸತ್ತು ಉಳದ.
ಆಕಿ ಗಲ್ಲಾ ಕಿಡಕಿಗೆ ಬಂದು,
"ನಿನ್ನಿ ಸಿನೆಮಾ ಹಾಕ್ರಿ, ಇದು ಅಲ್ಲ."
ಮ್ಯಾನೇಜರ್ ಆಣಿ ಮಾಡಿ ಹೇಳಿದ, ಅದ ಐತ್ರಿ.
"ಅದರಾಗ ಅಂವಾ ಬಂದಿದ್ದ," ಅಂದ್ಲು,
ತಿರುಗಿ ರೊಕ್ಕ ಕೇಳಲಿಲ್ಲ, ಹೋದ್ಲು.

ಶಮೀನಾ ಫೋನಿನ್ಯಾಗ ಹುಡುಕಿ ಹುಡುಕಿ ತಗದ್ಲು.
ಅಂಗೈಯಷ್ಟು ಪರದೆ, ಅದ ಮಾವ, ಅದ ಚಾ.
ಸೈಕಲ್ಲು ಬ್ಯಾಡ, ಗೇಟು ಬ್ಯಾಡ,
ಒಂದೂ ಹೆಚ್ಚು-ಕಡಿಮಿ ಇಲ್ಲ.
ನಕ್ಕೆ, ಇಲ್ಲ ಅನ್ನೂದಿಲ್ಲ.
ಆ ಕಣಜದಾಂವನ್ನ ಮಾತ್ರ ಹುಡುಕಬ್ಯಾಡವಾ,
ಕುಂದ್ರಲಿ ಅಲ್ಲೇ.

ರಾತ್ರಿ ಕನ್ನಡಕ ಹಾಕ್ಕೊಂಡು ಆಕಿ ಹಾಳಿ ನೋಡಿದೆ.
ಹೆಸರು ಒಂದೂ ಇಲ್ಲ. ಬರೇ ಅಂಕಿ:
ಒಂದು, ಎರಡು,
ಐದು,
ಮೂರು, ನಾಕು.