ಸಮ ಎಂಬ ಗೆರೆ

ರಾತ್ರಿ ಹನ್ನೊಂದೂವರೆ. ಹೊಳೆಯಾಚೆ ಹಾಪರಾಂಡದಲ್ಲಿ
ಇನ್ನೂ ಹತ್ತೂವರೆ.
ಅಡುಗೆಮನೆ ಮೇಜಿನ ಮೇಲೆ ಮೂವತ್ತೊಂದು ಉತ್ತರಪತ್ರಿಕೆ,
ಆರಿದ ಕಾಫಿ, ಕೆಂಪು ಪೆನ್ನು.
ಮೊನ್ನೆಯಷ್ಟೇ ಹೆಪ್ಪುಗಟ್ಟಿದ ತೋರ್ನೆ ಹೊಳೆ,
ನಡುವೆ ಮಾತ್ರ ಇನ್ನೂ ಒಂದು ಕಪ್ಪು ಸೀಳು.

ನಾಲ್ಕನೇ ಪ್ರಶ್ನೆ ನಾನೇ ಕಟ್ಟಿದ್ದು:
ಸೇತುವೆಯ ನಡುವಣ ಗುರುತು ಸೊನ್ನೆ ಎನ್ನಿ.
ಎಡಕ್ಕೆ ಸ್ವೀಡನ್ನಿನ ಗಂಟೆ, ಬಲಕ್ಕೆ ನಮ್ಮದು.
ಸೊನ್ನೆಯಲ್ಲಿ ಗಂಟೆಯೆಷ್ಟು? ನಕ್ಷೆ ಬರೆಯಿರಿ, ಕಾರಣ ಕೊಡಿ.

ಹೆಚ್ಚಿನವರು ಜಾಣರು.
ಒಂದು ತುದಿಗೆ ತುಂಬಿದ ಚುಕ್ಕೆ, ಇನ್ನೊಂದಕ್ಕೆ ಟೊಳ್ಳು ಉಂಗುರ;
ಚಿಹ್ನೆಯಡಿಯ ಆ ಪುಟ್ಟ ಗೆರೆ, ಸಮ ಎಂಬ ಗೆರೆ,
ಯಾರ ಪಾಲಿಗೆ ಹೋಯಿತೋ ಬಿಂದು ಅವರದು.
ಯೂಹೊ ಮರೆತಿದ್ದಾನೆ: ಎರಡೂ ಕಡೆ ಉಂಗುರ.
ಅವನ ಸೇತುವೆಯಲ್ಲೊಂದು ತೂತು;
ಅದರೊಳಗೆ ಬೇರೆ ಯಾರೂ ಬೀಳಲಿಲ್ಲ, ಒಂದಂಕ ಬಿತ್ತು.
ಸಾನೆಲ್ಮಾ ಚುಕ್ಕೆಯನ್ನು ಎಲ್ಲೋ ಮೇಲೆ,
ಏಳು ಗಂಟೆಯ ಎತ್ತರಕ್ಕೆ ತೂಗುಬಿಟ್ಟಿದ್ದಾಳೆ,
ಗೆರೆಗಳ ಗೊಡವೆಯಿಲ್ಲದೆ, ಒಂಟಿಯಾಗಿ.
ಕಾರಣ: "ನನ್ನಿಷ್ಟ."
ತಪ್ಪೇನಲ್ಲ. ಪೂರ್ತಿ ಅಂಕ.

ಐಲಿ ಎರಡೂ ಚುಕ್ಕೆ ತುಂಬಿದ್ದಾಳೆ.
ಒಂದು ಪ್ರಶ್ನೆಗೆ ಎರಡು ಉತ್ತರ ಕೊಡುವುದು ಫಂಕ್ಷನ್ ಅಲ್ಲವೆಂದು
ತಿಂಗಳಿಂದ ಬಾಯಿ ನೋಯುವಷ್ಟು ಹೇಳಿದ್ದೆ.
ಪೆನ್ನು ಊರುವ ಮೊದಲು ಅಂಚು ಕಂಡಿತು:

"ಆಂಬುಲೆನ್ಸ್ ಸೇತುವೆ ಮೇಲಿತ್ತಂತೆ.
ನಮ್ಮ ಗಂಟೆ ಹನ್ನೆರಡು ದಾಟಿ ಹತ್ತು ನಿಮಿಷ.
ಅಮ್ಮ ಹೇಳುವ ತಾರೀಕು ಒಂದು, ಕಾಗದದ್ದು ಇನ್ನೊಂದು.
ನಾನು ಎರಡೂ ದಿನ ಕೇಕು ತಿನ್ನುತ್ತೇನೆ."

ಎಡದಿಂದ ಸರಿದು ಬಂದರೆ ಒಂದು ದಿನ,
ಬಲದಿಂದ ಬಂದರೆ ಮರುದಿನ.
ಹತ್ತಿರ, ಇನ್ನೂ ಹತ್ತಿರ, ಕೂದಲೆಳೆಯಷ್ಟು ಹತ್ತಿರ ಬಂದರೂ
ದಡಗಳು ಬಿಂದುವಿನ ಮಾತು ಆಡಲಾರವು.
ಪೆನ್ನು ಹಿಡಿದ ಯಾರೋ ಆಡಬೇಕು.
ಆ ರಾತ್ರಿ ಆಡಿದ್ದು
ಕೈಗವಸು ಕಳಚಲೂ ಪುರುಸೊತ್ತಿಲ್ಲದ ಒಬ್ಬ ದಾದಿ.

ಈಗ ಪೆನ್ನು ನನ್ನ ಕೈಲಿದೆ.
ನಿಯಮದ ಪ್ರಕಾರ ಸೊನ್ನೆ.
ಆದರೆ ಲೆಕ್ಕದವರಲ್ಲಿ ಒಂದು ರೂಢಿಯುಂಟು,
ನೆಗೆತದ ಎರಡು ತುದಿಗೂ ಹೊಂದದಿದ್ದಾಗ
ನಟ್ಟನಡುವೆ ಚುಕ್ಕೆಯಿಟ್ಟು ಮುಂದೆ ಹೋಗುವುದು.
ಅರ್ಧ ಅಂಕ ಬರೆದೆ.
ಹೊಡೆದುಹಾಕಿದೆ. ಮತ್ತೆ ಬರೆದೆ.
ಕಾಗದ ಅಲ್ಲಿ ತುಸು ಹರಿದಿದೆ.

ಗೋಡೆ ಗಡಿಯಾರ ಹನ್ನೆರಡು ಬಾರಿಸತೊಡಗಿತು.
ಎಷ್ಟನೆಯ ಹೊಡೆತಕ್ಕೆ ನಾಳೆಯಾಯಿತೋ ಗಮನಿಸಲಿಲ್ಲ.
ಇನ್ನೂ ಒಂಬತ್ತು ಪತ್ರಿಕೆ ಬಾಕಿ.