ಏಳು ಬಡಿದದ್ದು ಎಷ್ಟಕ್ಕೆ

ನಮ್ಮಜ್ಜ ಬೆಲರ್ಮೀನು, ಗಡಿಯಾರದ ಕಸುಬಿನಲ್ಲಿ ಪಳಗಿದ ಕೈ.
ಆದರೂ ಅವನು ಕೀಲಿ ಕೊಡುತ್ತಿದ್ದ ಊರ ಗೋಪುರದ ಗಡಿಯಾರ
ಹನ್ನೊಂದು ವರ್ಷ ನೆಟ್ಟಗೆ ನಡೆಯಲಿಲ್ಲ.
ಬೆಳಗಿನ ಏಳು ಒಂದು ದಿನ ಏಳೂ ಎರಡಕ್ಕೆ,
ಒಂದು ದಿನ ಏಳೂ ಆರಕ್ಕೆ.
ಪಾದ್ರಿ ಬೈದ. ಬ್ರೆಡ್ಡಿನವಳು ಹಾಡು ಕಟ್ಟಿ ನಕ್ಕಳು.
ಪುರಸಭೆ ಎರಡು ಸಲ ಸಂಬಳ ಹಿಡಿಯಿತು.
ಲಿಸ್ಬನ್ನಿನಿಂದ ಬಂದ ತಜ್ಞ ಹಲ್ಲುಗಾಲಿ ಎಣಿಸಿ
‘ಯಂತ್ರದಲ್ಲಿ ದೋಷವಿಲ್ಲ, ಮನುಷ್ಯನಲ್ಲಿರಬೇಕು’ ಎಂದು ಹೋದ.

ಗ್ವಾದಿಯಾನಾ ಹೊಳೆ. ಈ ದಡ ಪೋರ್ಚುಗಲ್, ಆ ದಡ ಸ್ಪೇನ್.
ಕೂಗಿದರೆ ಕೇಳುವಷ್ಟು ಅಗಲ. ಕೂಗುವಂತಿರಲಿಲ್ಲ.
ಇಲ್ಲಿ ಕಾಫಿ ಬೀಜ, ಅಲ್ಲಿ ಯುದ್ಧ ಮುಗಿದರೂ ಮುಗಿಯದ ಹಸಿವು,
ನಡುವೆ ಗಡಿ ಕಾಯುವ ಕೋವಿಗಳು.
ಗಡಿ ಕಾಯುವವರು ದೋಣಿ ತಡಕಿದರು, ಬುಟ್ಟಿ ತಡಕಿದರು,
ಹೆಂಗಸರ ಮುಡಿ ಬಿಚ್ಚಿಸಿದರು.
ಗಡಿಯಾರ ಮಾತ್ರ
ಎಲ್ಲರ ಕಣ್ಣೆದುರು ಎಲ್ಲರಿಗೂ ಕೇಳುವಂತೆ
ಮಾತಾಡುತ್ತಲೇ ಇತ್ತು.

ಅಮಾವಾಸ್ಯೆ, ಅದರ ಹಿಂದಿನ ದಿನ, ಮುಂದಿನ ದಿನ:
ಈ ಮೂರು ಬೆಳಗು ಮಾತ್ರ ನಿಜ.
ಮೂರು ನಿಮಿಷ ತಡವಾದರೆ ಗಿರಣಿಯ ಕೆಳಗೆ ದಾಟಿ.
ಐದಾದರೆ ಕಾವಲು ಹೆಚ್ಚಿದೆ, ಮನೆಯಲ್ಲೇ ಇರಿ.
ಏಳಾದರೆ ಯಾರೋ ಸಿಕ್ಕಿಬಿದ್ದಿದ್ದಾರೆ.
ಉಳಿದ ದಿನವೆಲ್ಲ ಸುಳ್ಳು.

ಸುಳ್ಳು ಹೇಳುವುದೇ ಕಷ್ಟ ಮಗಳೇ, ಎನ್ನುತ್ತಿದ್ದ ಅಜ್ಜ.
ಮನಸ್ಸಿಗೆ ಬಂದ ಹಾಗೆ ಕೆಡಿಸಿದರೆ ಮನಸ್ಸು ಸಿಕ್ಕಿಬೀಳುತ್ತದೆ.
ಅದಕ್ಕೇ ನಸುಕಿನಲ್ಲಿ ಮೂರು ನಾಣ್ಯ ಚಿಮ್ಮುತ್ತಿದ್ದ,
ತಲೆಯೋ ಬಾಲವೋ, ಎಂಟು ಬಗೆ,
ಸೊನ್ನೆಯಿಂದ ಏಳರವರೆಗೆ ಎಂಟು ತಡ.
ನಾಣ್ಯ ಹೇಳಿದಷ್ಟು ಲೋಲಕವನ್ನು ಬೆರಳಲ್ಲಿ ಹಿಡಿದು ನಿಲ್ಲುತ್ತಿದ್ದ,
ಎದ್ದೇಳುವ ಮಗುವಿನ ತೊಟ್ಟಿಲು ಹಿಡಿದ ಹಾಗೆ.

ನಾನೀಗ ಫಾರೂ ಕಾಲೇಜಿನಲ್ಲಿ ಕಲಿಸುವುದು ಇದನ್ನೇ.
ಗೊತ್ತಿದ್ದದ್ದೇ ಆದರೆ ಸುದ್ದಿಯಲ್ಲ;
ಅಚ್ಚರಿಯ ತೂಕವೇ ಮಾಹಿತಿಯ ತೂಕ.
ದಿನಕ್ಕೆ ಮೂರು ಬಿಟ್. ತಿಂಗಳಿಗೆ ಒಂಬತ್ತು.
ಹನ್ನೊಂದು ವರ್ಷದ್ದೆಲ್ಲ ಕೂಡಿಸಿದೆ:
ನೂರೈವತ್ತು ಅಕ್ಷರ. ಒಂದು ಅಂಚೆ ಕಾರ್ಡು ತುಂಬದು.
ಅಷ್ಟಕ್ಕೆ ಒಬ್ಬ ಮನುಷ್ಯ
ತನ್ನ ಕಸುಬಿನ ಮಾನವನ್ನು ಊರ ಬಾಯಿಗೆ ಹಾಕಿದ.

ದಫೇದಾರ ಸೆವೆರೀನುವಿಗೆ ಗುಮಾನಿ ಇತ್ತು.
ಆರು ವರ್ಷ, ಒಂದು ಬೆಳಗೂ ತಪ್ಪದೆ,
ಕೈಗಡಿಯಾರ ಹಿಡಿದು ಲೆಡ್ಜರಿನಲ್ಲಿ ಬರೆದ.
ಪಾಪ, ಅಕ್ಷರ ಎಷ್ಟು ದುಂಡಗೆ!
ದಾಖಲೆ ಕೋಣೆಯ ಧೂಳಿನಲ್ಲಿ ಅದು ನನಗೆ ಸಿಕ್ಕಿತು.
ಅವನಿಗೆ ಏನೂ ಹೊಳೆದಿಲ್ಲ. ಹೊಳೆಯಲು ಏನೂ ಇರಲಿಲ್ಲ,
ನಾಣ್ಯಗಳು ಎಂಟಕ್ಕೂ ಸಮ ಪಾಲು ಹಂಚಿದ್ದವು.

ಒಂದನ್ನು ಬಿಟ್ಟು.

ಅಕ್ಟೋಬರ್ ಒಂಬತ್ತು. ಆರು ವರ್ಷವೂ ಸೊನ್ನೆ.
ಏಳಕ್ಕೆ ಸರಿಯಾಗಿ ಏಳು.
ಅದು ತಾನಾಗಿ ಆಗುವುದು
ಎರಡು ಲಕ್ಷದ ಅರವತ್ತೆರಡು ಸಾವಿರ ಸಲಕ್ಕೊಮ್ಮೆ.
ದಫೇದಾರ ತಪ್ಪುಗಳನ್ನು ಹುಡುಕುತ್ತಿದ್ದ;
ಸರಿಯಾದದ್ದರ ಮೇಲೆ ಕಣ್ಣು ಹಾಯಲಿಲ್ಲ.

ಅಮ್ಮನನ್ನು ಕೇಳಿದೆ. ನಮ್ಮ ಮನೆಯಲ್ಲಿ ಆ ದಿನ
ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ.
ಅಜ್ಜಿಯನ್ನು ಕೇಳುವ ಧೈರ್ಯ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ.
ಎಷ್ಟು ಹೇಳಿದ ಎಂದು ಅಳೆಯಬಲ್ಲೆ, ಹದಿನೆಂಟು ಬಿಟ್;
ಏನು ಹೇಳಿದ ಎನ್ನುವುದಕ್ಕೆ ನನ್ನ ಶಾಸ್ತ್ರದಲ್ಲಿ ಸೂತ್ರವಿಲ್ಲ.

ಈ ಸಲ ಆ ದಿನಕ್ಕೆ ಹೊಳೆ ದಾಟಿದೆ.
ಈಗ ಕಾವಲಿಲ್ಲ, ದೋಣಿಗೆ ಎರಡು ಯೂರೋ.
ಗೋಪುರದಲ್ಲಿ ವಿದ್ಯುತ್ ಗಡಿಯಾರ. ಏಳು ಬಡಿಯಿತು ಏಳಕ್ಕೇ,
ನಿನ್ನೆಯ ಹಾಗೆ, ನಾಳೆಯ ಹಾಗೆ, ಏನೂ ಹೇಳದೆ.
ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಮನೆಯ ಬಾಗಿಲಲ್ಲಿ
ಎನ್ಕಾರ್ನಸಿಯೋನ್ ಎಂಬ ಮುದುಕಿ, ತೊಂಬತ್ತು ದಾಟಿದವಳು,
ಬಾದಾಮಿ ಒಡೆಯುತ್ತ ಕೂತಿದ್ದಳು.

‘ಹಳೇ ಗಡಿಯಾರವೇ?’ ನಕ್ಕಳು, ‘ಅದು ಎಂದೂ ಸರಿ ಇರಲಿಲ್ಲ.’
‘ಒಂದು ದಿನವೂ?’

ಸುತ್ತಿಗೆ ಮೇಲೆತ್ತಿದ ಕೈ ಅಲ್ಲೇ ನಿಂತಿತು,
ಲೋಲಕ ಹಿಡಿದ ಹಾಗೆ. ಎಷ್ಟು ಹೊತ್ತೋ, ನಾನು ಎಣಿಸಲಿಲ್ಲ.
ಆಮೇಲೆ ಎದ್ದಳು, ಗೋಡೆ ಹಿಡಿದು,
‘ಒಳಗೆ ಬಾ’ ಎಂದಳು,
‘ಕಾಫಿ ಇದೆ.’