ನಡಾವಳಿ ಪುಸ್ತಕದ ಒಂದು ಪದ

ಬಂದರು ಸಮಿತಿಯ ಐದು ಮಂದಿ
ಒದ್ದೆ ಕೋಟುಗಳನ್ನು ಕುರ್ಚಿಯ ಬೆನ್ನಿಗೆ ತೊಡಿಸಿ ಕೂತರು.
ಸೀಮೆಎಣ್ಣೆ ಹೀಟರಿನ ವಾಸನೆ. ಕಿಟಕಿಯಾಚೆ
ಓರ್ಕ್ನಿಯ ನವೆಂಬರ್, ನಾಲ್ಕಕ್ಕೇ ಕತ್ತಲು.
ವಿಷಯ ಒಂದೇ: ಎಡ್ವಿನ್ ಡ್ರೆವರ್,
ನಮ್ಮ ದ್ವೀಪದ ದೋಣಿ ನಡೆಸುವವನು,
ಹೋದ ಮಂಗಳವಾರ ದೋಣಿ ಬಿಡಲಿಲ್ಲ.

ಗಾಳಿ ಇರಲಿಲ್ಲ. ಅಲೆ ಇರಲಿಲ್ಲ.
ನೀರು ಇಸ್ತ್ರಿ ಮಾಡಿದ ದುಪ್ಪಟಿಯ ಹಾಗೆ ಬಿದ್ದುಕೊಂಡಿತ್ತು.
ಕಟ್ಟೆಯ ಮೇಲೆ ಮೂವತ್ತೊಂದು ಜನ,
ಹನ್ನೆರಡು ಬುಟ್ಟಿ ಏಡಿ,
ಪಿಯಾನೊ ಪರೀಕ್ಷೆಗೆ ಹೊರಟ ಹುಡುಗಿ
ಕೋಟಿನ ಗುಂಡಿಗಳ ಮೇಲೇ ಬೆರಳಾಡಿಸುತ್ತ.
'ಇವತ್ತು ಬೇಡ' ಅಂದ.
ಯಾಕೆಂದರೆ ನೀರನ್ನು ತೋರಿಸಿದ.
ಅವನ ಮಾನ ಉಳಿಯಲೆಂದಾದರೂ
ಸಂಜೆವರೆಗೂ ಬಿರುಗಾಳಿಗೆ ಕಾದೆವು.
ಬರಲಿಲ್ಲ. ಏಡಿಗಳು ಸತ್ತವು.

ಬರೆದುಕೊಳ್ಳುವವಳು ನಾನು.
ಅವರು ಗೊಣಗುತ್ತಾರೆ, ನಾನು ಪದ ಹುಡುಕುತ್ತೇನೆ.
'ಬೈದುಬಿಡೋಣ' ಎಂದರು ಮಿಸೆಸ್ ರೆಂಡಲ್.
ಬೈಗುಳಕ್ಕೆ ನಡಾವಳಿಯಲ್ಲಿ ಜಾಗವಿಲ್ಲ.
ಬಾಯಿ ಬಿಟ್ಟು ಕಿವಿ ಮುಟ್ಟುವಷ್ಟರಲ್ಲಿ
ಅದು ಅರ್ಧ ಆರಿರುತ್ತದೆ, ಬೈದವರೇ ಚಹಾ ಬಸಿಯುತ್ತಾರೆ.
ಛೀಮಾರಿ? ಅದರ ಮೊದಲಕ್ಷರದಲ್ಲೇ ಉಗುಳಿದೆ.
ಎಚ್ಚರಿಕೆ ಎಂದರೆ ಇನ್ನೂ ಏನೋ ಬಾಕಿ ಇಟ್ಟಂತೆ.
ಆಕ್ಷೇಪ ಕೆಮ್ಮಿನ ಹಾಗೆ,
ಎಲ್ಲರಿಗೂ ಎಲ್ಲರ ಮೇಲೂ ಇದ್ದೇ ಇರುತ್ತದೆ, ಚಳಿಗಾಲದಲ್ಲಿ ಜಾಸ್ತಿ.
ದಂಡ ಹಾಕಲು ಅಧಿಕಾರವಿಲ್ಲ.
ಕೆಲಸದಿಂದ ತೆಗೆದರೆ ನಾವೇ ದಡದಲ್ಲಿ.

ಉಳಿದದ್ದು ಖಂಡನೆ.
ಬರೆದು ನೋಡಿದೆ: 'ಸಮಿತಿಯು ಖಂಡಿಸುತ್ತದೆ.'
ಖಂಡಿಸುವುದೆಂದರೆ ಮೂಲದಲ್ಲಿ ತುಂಡರಿಸುವುದು.
ಕೊಡಲಿಯ ಕೆಲಸದಲ್ಲಿದ್ದ ಪದ
ವಯಸ್ಸಾಗಿ ಕಚೇರಿ ಸೇರಿದೆ,
ಕನ್ನಡಕ ಹಾಕಿದೆ,
ರಕ್ತ ನೋಡಿದರೆ ತಲೆ ಸುತ್ತುತ್ತದಂತೆ.
ಈಗ ಅದು ಏನನ್ನೂ ಕಡಿಯುವುದಿಲ್ಲ.
ಸಂಬಳ, ರಜೆ, ಪಿಂಚಣಿ ಇದ್ದಲ್ಲೇ ಇರುತ್ತವೆ.

ಒಬ್ಬರ ಬಾಯಿಗೆ ಅದು ಒಗ್ಗುವುದೂ ಇಲ್ಲ.
ಒಲೆಯ ಮುಂದೆ ನಿಂತು ಗಂಡನಿಗೆ
'ನಿನ್ನನ್ನು ಖಂಡಿಸುತ್ತೇನೆ' ಎಂದು ನೋಡಿ,
ಅವನಿಗೆ ನಗು ಬರುತ್ತದೆ.
ಅದಕ್ಕೆ ಐದು ಜನ ಬೇಕು, ಒಂದು ಮೇಜು, ಒಂದು ತಾರೀಖು,
ತಲೆ ತಗ್ಗಿಸಿ ಬರೆಯುವ ಇನ್ನೊಬ್ಬಳು.

ನಾಲ್ವರು ಕೈ ಎತ್ತಿದರು.
ಅಧ್ಯಕ್ಷ ಆರ್ಚಿ ಫೌಬಿಸ್ಟರ್, ಏಡಿಯೆಲ್ಲ ಅವರದೇ,
ಕೈ ಎತ್ತಿ, ಅದೇ ಕೈಯಿಂದ ಕಣ್ಣುಜ್ಜಿಕೊಂಡರು.
ಎಣಿಸಿಕೊಂಡೆ.

ಮಾರನೆಯ ದಿನ ಎಡ್ವಿನ್ ಬಂದ, ಟೋಪಿ ಕೈಯಲ್ಲಿ.
'ಓದು, ಡೆವೀನಾ.'
ಓದಿದೆ.
'ಇನ್ನೊಮ್ಮೆ.'
ಓದಿದೆ.
ಹಾಳೆಯ ಮೇಲೆ ಬಾಗಿ, ಡೀಸೆಲ್ ಬೆರಳು ತಾಗದಂತೆ ಮೇಲೆತ್ತಿ
ತನ್ನ ಹೆಸರಿನ ಅಕ್ಷರ ಒಂದೊಂದೇ ನೋಡಿದ.
'ಡ್ರೆವರ್ ಸರಿಯಾಗಿದೆ. ಅಪ್ಪನ ಸಾವಿನ ಪತ್ರದಲ್ಲಿ
ತಪ್ಪು ಬರೆದಿದ್ದರು.'
'ಕಾರಣ ಹೇಳಿದರೆ ಪಕ್ಕದಲ್ಲಿ ಬರೆಯುತ್ತೇನೆ' ಎಂದೆ.
'ಎಷ್ಟು ಜಾಗ ಇದೆ?'
ತೋರಿಸಿದೆ. ಎರಡು ಬೆರಳಗಲದ ಅಂಚು.
ತುಸು ಹೊತ್ತು ಅದನ್ನೇ ನೋಡಿದ.
'ಬೇಡ. ಏಡಿ ಸತ್ತದ್ದು ನಿಜ. ಅವರು ಬರೆಸಿದ್ದು ಸರಿ.'
ಶಾಯಿ ಆರಿದೆಯೇ ಎಂದು ಊದಿದ,
ತಾನೇ ಪುಸ್ತಕ ಮುಚ್ಚಿದ.

ಬುಧವಾರ ಏಳೂ ಹತ್ತರ ದೋಣಿ.
ಆರ್ಚಿ ಬುಟ್ಟಿಗಳೊಂದಿಗೆ ಬಂದರು. ಹಲಗೆ ಜಾರುತ್ತಿತ್ತು.
ಎಡ್ವಿನ್ ಕೈ ಚಾಚಿದ, ಅವರು ಹಿಡಿದರು,
ಹತ್ತಿದ ಮೇಲೂ ಒಂದು ಕ್ಷಣ ಬಿಡಲು ಮರೆತರು.
ಯಾರೂ ಏನೂ ಅನ್ನಲಿಲ್ಲ.
ಪಿಯಾನೊ ಹುಡುಗಿ ಮಾತ್ರ ಬೆನ್ನು ತಿರುಗಿಸಿ ಕೂತಳು.
ಅವಳದೊಂದೇ ಖಂಡನೆ ಎಲ್ಲೂ ದಾಖಲಾಗಲಿಲ್ಲ.

ನನ್ನ ಟಿಕೆಟ್ಟಿಗೆ ಪಂಚು ಒತ್ತಿದ. ಕಟ್.
ಬೇಳೆಯಷ್ಟು ಕಾಗದದ ಚೂರು
ನನ್ನ ತೋಳಿನ ಉಣ್ಣೆಗೆ ಅಂಟಿತು.
ಎಂಜಿನ್ ಗುಡುಗಿತು, ಹಗ್ಗ ಬಿಚ್ಚಿದರು.
ಟಿಕೆಟ್ಟಿನ ತೂತಿಗೆ ಕಣ್ಣಿಟ್ಟೆ:
ನೀರು
ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ.